ಯಾರು? ಎಲ್ಲಿಂದ?

ಕಳೆದ ತಿಂಗಳಿಂದ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಒಂದು ಹೊಸ ಪತ್ತೇದಾರಿ ಧಾರಾವಾಹಿ ಬರುತ್ತಿದೆ. ಮೊದಲ ಕಂತು ಅರ್ಧ ಮುಗಿಯುವುದರೊಳಗೆ ನನ್ನ ಮಗಳು, ಹದಿನಾಲ್ಕು ವರ್ಷದವಳು, ಸೋಫಾದಿಂದ ಕಾಲು ಕೆಳಗಿಳಿಸಿ, "ಅಮ್ಮ, ಇದು ಪೂರ್ತಿ ಕಾಪಿ. ನಾಲ್ಕು ಹಳೇ ಸೀರಿಯಲ್ ಮಿಕ್ಸಿಗೆ ಹಾಕಿ ತಿರುವಿದ್ದಾರೆ. ವೇಸ್ಟ್" ಅಂದಳು. ಪೇಪರಿನಲ್ಲೂ ಯಾರೋ ಅದನ್ನೇ ಸ್ವಲ್ಪ ದೊಡ್ಡ ಮಾತುಗಳಲ್ಲಿ ಬರೆದಿದ್ದರು. ನಮ್ಮವರು ಕನ್ನಡಕವನ್ನು ಹಣೆಗೇರಿಸಿ, "ಸ್ವಂತದ್ದು ಅನ್ನೋದೇ ಹೊರಟುಹೋಯ್ತು" ಎಂದರು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು.

ಇಂಥ ವಿಷಯದಲ್ಲಿ ತೀರ್ಪು ಹೇಳುತ್ತಿದ್ದವರು ಎದುರು ಮನೆಯವರು. ಅವರು ತೀರಿಕೊಂಡು ಆಗ ಹದಿನಾರು ದಿನವಾಗಿತ್ತು.

ಅವರು ಹೋದ ಸುದ್ದಿ ಪೇಪರಿನಲ್ಲಿ ಎರಡಂಗುಲ ಬಂದಿತ್ತು. "ದೂರವಾಣಿ ಇಲಾಖೆಯ ನಿವೃತ್ತ ಉದ್ಯೋಗಿ" ಎಂದು. ಅಷ್ಟೇ. ಅದನ್ನು ಓದಿ ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ಒಂದರಿಂದ ಹತ್ತು ಎಣಿಸಬೇಕೆಂದು ನಮ್ಮ ಕಾನ್ವೆಂಟಿನಲ್ಲಿ ಕಲಿಸಿದ್ದರು. ಎಣಿಸಿದೆ. ಹತ್ತಾದರೂ ಹೋಗಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ. ನಮ್ಮ ಬೀದಿಗೆ ಅವರು "ಮೇಡಂ", ಅಷ್ಟೇ. ಗಿರಿನಗರದಲ್ಲಿದ್ದ ಅವರ ತಮ್ಮನೊಬ್ಬನನ್ನು ಬಿಟ್ಟರೆ ಹೆಸರು ಹಿಡಿದು ಕೂಗುವವರು ಯಾರೂ ಇರಲಿಲ್ಲ. ಆತನೂ "ಅಕ್ಕ" ಅನ್ನುತ್ತಿದ್ದ.

ನಾವು ಜೆ.ಪಿ. ನಗರದ ಈ ಮನೆಗೆ ಬಂದಾಗ ಅಕ್ಕಪಕ್ಕದ ಸೈಟುಗಳಲ್ಲಿ ಇನ್ನೂ ಪಾರ್ಥೇನಿಯಂ ಬೆಳೆದಿತ್ತು. ಟೆರೇಸಿಗೆ ಹೋದರೆ ಸಾರಕ್ಕಿ ಕೆರೆಯ ಒಂದು ಚೂರು ಕಾಣುತ್ತಿತ್ತು. ಎದುರು ಮನೆಯಲ್ಲಿ ಕಾರು ಇರಲಿಲ್ಲ, ಕಾರ್ ಶೆಡ್ ಇತ್ತು. ಅದರಲ್ಲಿ ಮೇಡಂ ಹದಿನೈದು ಮಡಚುವ ಕುರ್ಚಿಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. "ಯಾರಾದ್ರೂ ಬರ್ತಾರೆ ಅಂತ" ಎಂದರು, ಕೇಳಿದಾಗ. "ಯಾರು ಮೇಡಂ?" ಅಂದೆ. "ಅದು ಗೊತ್ತಿದ್ದಿದ್ರೆ ಎಷ್ಟು ಕುರ್ಚಿ ಬೇಕು ಅಂತಾನೂ ಗೊತ್ತಿರ್ತಿತ್ತಲ್ಲ?"

ಅವರು ಟ್ರಂಕ್ ಕಾಲ್ ಆಪರೇಟರ್ ಆಗಿದ್ದವರು. ಮೂಲೆಮೂಲೆಗೆ ಎಸ್‌ಟಿಡಿ ಬೂತುಗಳು ಬಂದ ಮೇಲೆ, ಅವಧಿಗೆ ಮುಂಚೆಯೇ ಕೆಲಸ ಬಿಟ್ಟು ಮನೆಗೆ ಬಂದರು. ಇಪ್ಪತ್ತೆಂಟು ವರ್ಷ ಹೆಡ್‌ಫೋನ್ ಹಾಕಿಕೊಂಡು ಕೂತ ತಲೆ ಎಡಕ್ಕೆ ಒಂದಿಷ್ಟು ವಾಲಿಯೇ ಇರುತ್ತಿತ್ತು. ಸೊಪ್ಪಿನವಳು ರೇಟು ಹೇಳುವಾಗಲೂ, ದೇವಸ್ಥಾನದಲ್ಲಿ ಮಂತ್ರ ಹೇಳುವಾಗಲೂ, ಬಹಳ ದೂರದಿಂದ ಬರುವ ದನಿಯನ್ನು ಹಿಡಿಯುವವರಂತೆ ಕೇಳುತ್ತಿದ್ದರು. ಎದುರಿನವರ ಮಾತು ಲಂಬಿಸಿದರೆ ಮುಖದಲ್ಲಿ ಸ್ವಲ್ಪವೂ ನಗೆ ತೋರಿಸದೆ, "ಮೂರು ನಿಮಿಷ ಆಯ್ತು. ಎಕ್ಸ್‌ಟೆಂಡ್ ಮಾಡ್ಲಾ?" ಎನ್ನುವರು. ಟ್ರಂಕ್ ಕಾಲ್ ಲೆಕ್ಕ ಆಗ ಮೂರು ಮೂರು ನಿಮಿಷಕ್ಕೆ ಇತ್ತಂತೆ. ನಮ್ಮ ಬೀದಿಯ ಕೊನೆ ಮನೆಯ ಸರೋಜಮ್ಮನವರಿಗೆ ಈ ಮಾತು ಕೇಳಿದರೆ ಮೈಯುರಿ. "ನಾನೇನು ಇವರ ಲೈನಲ್ಲಿದೀನಾ?" ಅನ್ನುತ್ತಿದ್ದರು. ಅಂದು ಇನ್ನಾರು ನಿಮಿಷ ಮಾತಾಡುತ್ತಿದ್ದರು.

ಮೇಡಂ ಮನೆಯಲ್ಲಿ ಸಕ್ಕರೆ ಎಂದೂ ಇರುತ್ತಿರಲಿಲ್ಲ. ವಾರಕ್ಕೆರಡು ಸಲ ಒಂದು ಸ್ಟೀಲ್ ಲೋಟ ಹಿಡಿದು ಬರುವರು. ಆದರೆ ಸಾಲ ತೀರಿಸುವಾಗ ನೋಡಬೇಕು. ಸಕ್ಕರೆಗೆ ಸಕ್ಕರೆ ಬರುತ್ತಿತ್ತು, ಅದರ ಮೇಲೆ ಇನ್ನೊಂದು ಏನಾದರೂ. ನಾಲ್ಕು ಗೋಡಂಬಿ. ಒಂದು ಎಸಳು ಕರಿಬೇವು. ಒಮ್ಮೆ ನನ್ನ ರವಿಕೆಗೆ ಸರಿಯಾಗಿ ಹೊಂದುವ ಬಣ್ಣದ ಒಂದು ನೂಲಿನ ಉಂಡೆ, ಸಕ್ಕರೆಯಲ್ಲಿ ಅರ್ಧ ಹೂತು. ನಮ್ಮ ಮನೆಗಳಲ್ಲಿ ಖಾಲಿ ಪಾತ್ರೆ ಹಿಂದಕ್ಕೆ ಕೊಡಬಾರದು ಅನ್ನುತ್ತಾರೆ. ನಾವೆಲ್ಲ ಅದಕ್ಕೊಂದು ಚಿಟಿಕೆ ಸಕ್ಕರೆ ಹಾಕಿ ಮುಗಿಸುತ್ತೇವೆ. ಮೇಡಂ ಮುಗಿಸುತ್ತಿರಲಿಲ್ಲ. ಒಮ್ಮೆ ಸರೋಜಮ್ಮ, ಮೇಡಂ ಕೊಟ್ಟ ಇಡ್ಲಿ ಹಿಟ್ಟಿನ ಪಾತ್ರೆಯನ್ನು ತೊಳೆದು ಖಾಲಿಯಾಗಿ ಕಳಿಸಿದ್ದರು. ಮೇಡಂ ಆ ಪಾತ್ರೆಯನ್ನು ತಾವೇ ಹೊತ್ತುಕೊಂಡು ಹೋಗಿ, "ಸರೋಜಮ್ಮ, ಇದ್ರಲ್ಲಿ ಏನೋ ಮರೆತಿದ್ದೀರಿ" ಎಂದು ಗೇಟಿನ ಮೇಲೆ ಇಟ್ಟು ಬಂದರು.

ಇಂಥವರು ನನ್ನಿಂದ ತೆಗೆದುಕೊಂಡು ಹಿಂದಕ್ಕೆ ಕೊಡದೇ ಇದ್ದದ್ದು ಒಂದೇ ಒಂದು. ಮುಚ್ಚಳ ಇರುವ ಒಂದು ಸ್ಟೀಲ್ ಡಬ್ಬಿ. ಅದನ್ನು ಒಯ್ದದ್ದು ಭಾನುವಾರದ ಆಟಕ್ಕೆ.

ಆಟ ಅವರದೇ ಸೃಷ್ಟಿ. ಭಾನುವಾರ ಹನ್ನೊಂದಕ್ಕೆ ಟೀವಿಯಲ್ಲಿ ಯಾವುದಾದರೊಂದು ಪತ್ತೇದಾರಿ ಧಾರಾವಾಹಿ ಇದ್ದೇ ಇರುತ್ತಿತ್ತು. ನಾವು ಐದಾರು ಹೆಂಗಸರು ಬೆಳಗಿನ ಕೆಲಸ ಮುಗಿಸಿ ಮೇಡಂ ಮನೆಯ ಹಾಲಿನಲ್ಲಿ ಸೇರುತ್ತಿದ್ದೆವು. ನಡುವೆ ಜಾಹೀರಾತು ಬಂದಾಗ ಮೇಡಂ ಚೀಟಿ ಹಂಚುವರು. ಪ್ರತಿ ಚೀಟಿಯಲ್ಲಿ ಎರಡು ಸಾಲು: ಯಾರು? ಎಲ್ಲಿಂದ? ಮೊದಲನೆಯದಕ್ಕೆ ಕೊಲೆಗಾರನ ಹೆಸರು ಬರೆಯಬೇಕು. ಎರಡನೆಯದಕ್ಕೆ, ಈ ಕಥೆಯಲ್ಲಿ ಕಂಡ ಯಾವ ತಂತ್ರ ಯಾವ ಹಳೆಯ ಧಾರಾವಾಹಿಯಿಂದ ಬಂದದ್ದು ಎಂದು ಬರೆಯಬೇಕು. ಚೀಟಿ ಡಬ್ಬಿಗೆ. ಗೆದ್ದವರಿಗೆ ಉಪ್ಪಿಟ್ಟಿನ ಜೊತೆ ಎರಡು ಚಮಚ ತುಪ್ಪ ಹೆಚ್ಚು.

"ಯಾರು" ಎನ್ನುವುದರಲ್ಲಿ ನಮ್ಮ ಮಹಡಿಯ ಬಾಡಿಗೆಯವಳು, ಹುಬ್ಬಳ್ಳಿಯ ಗಿರಿಜಾ, ಎತ್ತಿದ ಕೈ. ಅವಳ ವಿಧಾನ ಸರಳ: "ಯಾಂವ ಭಾಳ ಅಳ್ತಾನ್ ನೋಡ್ರಿ, ಅವನಽ ಹೊಡದಿರ್ತಾನ." "ಎಲ್ಲಿಂದ" ಎನ್ನುವುದು ಮಾತ್ರ ನನ್ನದು. ನಾನು ಓದಿದ ಕಾನ್ವೆಂಟಿನಲ್ಲಿ ಕಾಪಿ ಹೊಡೆಯುವುದಕ್ಕಿಂತ ದೊಡ್ಡ ಪಾಪ ಇರಲಿಲ್ಲ. ಟೆಸ್ಟಿನ ದಿನ ಎಡಗೈಯನ್ನು ಪುಸ್ತಕದ ಸುತ್ತ ಕೋಟೆಯಂತೆ ಇಟ್ಟುಕೊಂಡೇ ಬರೆಯಬೇಕಿತ್ತು. ಹಾಗೆ ಬೆಳೆದವಳಿಗೆ ಇನ್ನೊಬ್ಬರ ಕಾಪಿ ದೂರದಿಂದಲೇ ವಾಸನೆ ಹೊಡೆಯುತ್ತದೆ. ಮಾರ್ಜಿನ್ ಎಳೆದು, ನಂಬರು ಹಾಕಿ, ದುಂಡಗೆ ಬರೆದುಕೊಡುತ್ತಿದ್ದೆ.

"ನಿಮ್ಮಂಥೋರು ಎಕ್ಸ್‌ಚೇಂಜಲ್ಲಿ ಇರ್ಬೇಕಿತ್ತು" ಎನ್ನುವರು ಮೇಡಂ. "ಒಂದು ದನಿ ಒಂದ್ಸಲ ಕೇಳಿದ್ರೆ ಮರೆಯಲ್ಲ."

ಡಬ್ಬಿ ಕೇಳಿದರೆ ಮಾತ್ರ, "ಇನ್ನೂ ತುಂಬಿಲ್ಲ" ಅಂದುಬಿಡುತ್ತಿದ್ದರು.

ಹೀಗಿರುವಾಗ ಒಂದು ವರ್ಷ, ದಸರಾ ಕಳೆದ ಮೇಲೆ, ಹೊಸ ಧಾರಾವಾಹಿಯೊಂದು ಶುರುವಾಯಿತು. ಹದಿಮೂರು ವಾರದ್ದು. ಬಸವನಗುಡಿಯ ಕಾಫಿಪುಡಿ ವ್ಯಾಪಾರಿಯೊಬ್ಬ ತನ್ನ ಓದುವ ಕೋಣೆಯಲ್ಲಿ ಸತ್ತುಬಿದ್ದಿರುತ್ತಾನೆ. ಮನೆಯಲ್ಲಿ ಅಡುಗೆಯವನು, ಅಳಿಯ, ವಿಧವೆ ನಾದಿನಿ, ದಿನಾ ಬರುವ ಡಾಕ್ಟರು. ದೂರದ ಬೊಂಬಾಯಿಯಲ್ಲಿ ಒಬ್ಬ ತಮ್ಮ. ಕೊಲೆಯನ್ನು ಪತ್ತೆಹಚ್ಚುವವಳು ಪೋಲೀಸಲ್ಲ, ಒಬ್ಬ ಟೆಲಿಫೋನ್ ಆಪರೇಟರ್. "ಅಯ್ಯೋ ಮೇಡಂ, ನಿಮ್ಮ ಡಿಪಾರ್ಟ್‌ಮೆಂಟ್!" ಎಂದು ನಾವು ಕೂಗಿದೆವು. ಮೇಡಂ ರಿಮೋಟನ್ನು ಎಡಗಿವಿಗೆ ಆನಿಸಿಕೊಂಡು, "ಹೌದಲ್ಲ" ಎಂದರು.

ಎರಡನೆಯ ವಾರಕ್ಕೇ ನನ್ನ ಪೆನ್ಸಿಲ್ ಓಡತೊಡಗಿತು. ನಿಂತ ಗಡಿಯಾರ, ಒಂದು. ಎರಡು ಕಾಫಿ ಲೋಟದಲ್ಲಿ ಒಂದರಲ್ಲಿ ಮಾತ್ರ ಕಟ್ಟಿದ ಕೆನೆ, ಎರಡು. ಉಯಿಲು ಓದುವಾಗ ಕರೆಂಟು ಹೋಗುವುದು, ಮೂರು. ಎಡಗೈಯವನು ಬಲಗೈಯವನಂತೆ ನಟಿಸುವುದು, ನಾಲ್ಕು. ಎಲ್ಲವನ್ನೂ ನಾವು ಇದೇ ಹಾಲಿನಲ್ಲಿ ಕೂತು, ಇದೇ ಉಪ್ಪಿಟ್ಟು ತಿನ್ನುತ್ತ ನೋಡಿದ್ದೆವು. ಎಂಟನೆಯ ವಾರಕ್ಕೆ ನನ್ನ ಪಟ್ಟಿ ಹನ್ನೊಂದಕ್ಕೆ ಮುಟ್ಟಿತು. ಆಟದ ಚರಿತ್ರೆಯಲ್ಲೇ ಅದು ದಾಖಲೆ. ಗಿರಿಜಾ, "ಏನ್ರೀ ಮೇಡಮ್ಮಾರ, ಇಂವಾ ಬರದಾಂವ ಒಂದರ ತನ್ನ ತಲೀಂದ ಹಾಕ್ಯಾನೇನ್ರಿ?" ಎಂದು ಕೇಳಿದಳು. ಸರೋಜಮ್ಮ, "ಪಕ್ಕಾ ಕಳ್ಳ!" ಎಂದರು. ಮೇಡಂ ನನ್ನ ಪಟ್ಟಿಯನ್ನು ಎರಡು ಸಲ ಓದಿ, ತುಪ್ಪ ಎರಡರ ಬದಲು ಮೂರು ಚಮಚ ಹಾಕಿದರು.

ಟೈಟಲ್ಲಿನಲ್ಲಿ "ಕಥೆ, ಸಂಭಾಷಣೆ" ಎಂದು ಒಂದು ಹೆಸರು ಬರುತ್ತಿತ್ತು. ಒಂದು ಇನಿಷಿಯಲ್, ಒಂದು ಹೆಂಗಸಿನ ಹೆಸರು. ಎಂಟು ವಾರ ಓದಿದೆವು. ಯಾರೋ ಒಬ್ಬರು ಅಂದುಕೊಂಡೆವು.

ಇನ್ನು ನಮ್ಮವರ ವಿಷಯ. ಬ್ಯಾಂಕಿನ ಕೆಲಸ ಬಿಟ್ಟರೆ ಅವರಿಗಿದ್ದ ಒಂದೇ ಅಭ್ಯಾಸ ಸಂಪಾದಕರಿಗೆ ಪತ್ರ ಬರೆಯುವುದು. ಉರಿಯದ ಬೀದಿದೀಪ, ಸಾರಕ್ಕಿ ಜಂಕ್ಷನ್ನಿನ ಸಿಗ್ನಲ್ಲು, ಪಾರ್ಕಿನ ಬೆಂಚಿನ ಕಾಲು, ಯಾವುದೂ ಅವರಿಂದ ತಪ್ಪಿಸಿಕೊಂಡಿರಲಿಲ್ಲ. ಫ್ರಿಜ್ಜಿನ ಮೇಲೆ ಇಟ್ಟಿದ್ದ ನನ್ನ ಪಟ್ಟಿಯ ನಕಲು ಅವರ ಕಣ್ಣಿಗೆ ಬಿತ್ತು. ನನ್ನನ್ನು ಕೇಳಲಿಲ್ಲ. ಕೇಳಬೇಕೆಂದು ಅವರಿಗೆ ಅನ್ನಿಸಲೂ ಇಲ್ಲ. ಮುಂದಿನ ವಾರ ಅದು ಪೇಪರಿನಲ್ಲಿತ್ತು, ಹನ್ನೊಂದೂ ಅಂಶಗಳು, ನಂಬರಿನ ಸಮೇತ. ಅವರು ಕೊಟ್ಟ ತಲೆಬರಹ "ಧಾರಾವಾಹಿಗಳಲ್ಲಿ ಅನುಕರಣೆ". ಪೇಪರಿನವರು ಅದನ್ನು "ಒಂದು ಕಥೆ, ಹನ್ನೊಂದು ಕಳ್ಳತನ" ಎಂದು ಮಾಡಿದ್ದರು.

ಅಂದು ಬೆಳಿಗ್ಗೆ ಏಳೂವರೆಗೆ ಮೇಡಂ ಬಂದರು. ಕೈಯಲ್ಲಿ ಲೋಟ ಇರಲಿಲ್ಲ. ಪತ್ರ ಮೇಲೆ ಬರುವಂತೆ ನಾಲ್ಕು ಮಡಿಕೆ ಮಾಡಿದ ಪೇಪರ್ ಇತ್ತು. ನಮ್ಮವರು ಕೆನ್ನೆಯ ತುಂಬ ಸೋಪಿನ ನೊರೆಯೊಡನೆ ಹೊರಗೆ ಬಂದರು.

"ಸಾರ್, ಲೆಟರ್ ಚೆನ್ನಾಗಿದೆ. ಆದ್ರೆ ಆರನೇದು ತಪ್ಪು."

"ಆರನೇದಾ?"

"ಕಿಟಕಿ ಗಾಜಿನ ಮೇಲಿನ ಬೆರಳಚ್ಚು. ನೀವು ಹೇಳಿರೋ ಸೀರಿಯಲ್ಲಿಂದ ಬಂದಿದ್ದಲ್ಲ ಅದು. ಅದಕ್ಕಿಂತ ಮುಂಚೆ ಇನ್ನೊಂದಿತ್ತು. ಅವ್ರೂ ಅಲ್ಲಿಂದ್ಲೇ ತಂದಿದ್ದು."

"ನಿಮಗೆ ಹೇಗೆ ಗೊತ್ತು ಮೇಡಂ?" ಎಂದೆ ನಾನು, ಹಾಲಿನ ಪಾತ್ರೆ ಹಿಡಿದುಕೊಂಡೇ.

"ತಗೊಂಡೋಳು ನಾನೇ ಅಲ್ವೇನ್ರಿ."

ಟೈಟಲ್ಲಿನ ಆ ಹೆಸರು ನನ್ನ ಕಣ್ಣ ಮುಂದೆ ಒಂದೊಂದೇ ಅಕ್ಷರವಾಗಿ ಬಂದು ನಿಂತಿತು. ಆರು ವರ್ಷ ಎದುರು ಬದುರು ಇದ್ದು, ಸಕ್ಕರೆ ಕೊಟ್ಟು ತಗೊಂಡು, ಅವರ ಹೆಸರೇನೆಂದು ನಾನು ಒಂದು ಸಲವೂ ಕೇಳಿರಲಿಲ್ಲ. ನಮ್ಮ ಕಡೆ ಹೀಗೇ. ಆಂಟಿ, ಮೇಡಂ, ಎದುರು ಮನೆಯವರು, ಆಯುಷ್ಯ ಕಳೆದುಹೋಗುತ್ತದೆ.

"ಮೊದ್ಲೇ ಯಾಕೆ ಹೇಳ್ಲಿಲ್ಲ ಮೇಡಂ?" ಎಂದೆ.

"ಹೇಳಿದ್ರೆ ನೀವು ಹನ್ನೊಂದು ಹುಡುಕ್ತಿದ್ರಾ? 'ತುಂಬಾ ಚೆನ್ನಾಗಿದೆ ಮೇಡಂ' ಅಂದು, ಉಪ್ಪಿಟ್ಟು ತಿಂದು ಹೋಗ್ತಿದ್ರಿ."

"ನಾನು ಕಳ್ಳತನ ಅಂತ ಬರೆದಿರಲಿಲ್ಲ ಮೇಡಂ, ಅನುಕರಣೆ ಅಂತ..." ನಮ್ಮವರ ನೊರೆ ಆಗಲೇ ಒಣಗಿ ಬಿರಿಯುತ್ತಿತ್ತು.

"ಗೊತ್ತು ಸಾರ್. ಕಳ್ಳತನ ಅಂದ್ರೇನೇ ಜನ ಓದೋದು."

ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಮೂರನೆಯ ದಿನ ಮೇಡಂ ಗೇಟಿನಿಂದ ಕೂಗಿ ನನ್ನನ್ನು ಕರೆದರು. "ಸ್ವಲ್ಪ ಬನ್ನಿ. ಪಟ್ಟೀನೂ ತನ್ನಿ. ಚಾನೆಲ್ಲಿಂದ ಬಂದಿದ್ದಾರೆ." ಹಾಲಿನಲ್ಲಿ ಟೈ ಕಟ್ಟಿದ ಒಬ್ಬ ಅಧಿಕಾರಿ ನಮ್ಮ ಭಾನುವಾರದ ಕುರ್ಚಿಯ ತುದಿಯಲ್ಲಿ ಕೂತಿದ್ದ. ಮೊಣಕಾಲ ಮೇಲೆ ಒಂದು ಫೈಲು. ಅವನು ಕೆಟ್ಟವನಲ್ಲ, ಮೇಲಿನವರು ಹೇಳಿದ್ದನ್ನು ಹೇಳಲು ಬಂದವನು. ಪತ್ರ ಬಂದ ಮೇಲೆ ಇನ್ನೂ ಹತ್ತು ಪತ್ರ ಬಂದಿವೆಯಂತೆ. ಆದ್ದರಿಂದ ಮೇಡಂ ಒಂದು ಕಾಗದಕ್ಕೆ ಸಹಿ ಹಾಕಬೇಕು. ಕಥೆ ತಮ್ಮ ಸ್ವಂತದ್ದಲ್ಲ, ಬೇರೆಯವರದನ್ನು ಎತ್ತಿಕೊಂಡದ್ದು ತಪ್ಪಾಯಿತು, ಎಂದು. ಹಾಕಿದರೆ ಅವರ ಹೆಸರು ತೆಗೆದು, "ಕಥಾ ವಿಭಾಗ" ಎಂದು ಹಾಕಿ, ಉಳಿದ ನಾಲ್ಕು ಕಂತು ಪ್ರಸಾರ ಮಾಡುತ್ತಾರೆ. ಹಾಕದಿದ್ದರೆ ಒಂಬತ್ತಕ್ಕೇ ನಿಲ್ಲುತ್ತದೆ.

ಮೇಡಂ ನನ್ನ ಪಟ್ಟಿ ಇಸಿದುಕೊಂಡರು. ದಾರ ಕಟ್ಟಿ ಕ್ಯಾಲೆಂಡರಿಗೆ ತೂಗುಹಾಕಿದ್ದ ಪೆನ್ಸಿಲ್ಲನ್ನು ಎಳೆದುಕೊಂಡರು. ಒಂದೊಂದೇ ಸಾಲು ಗಟ್ಟಿಯಾಗಿ ಓದಿ ಟಿಕ್ ಹಾಕತೊಡಗಿದರು. "ಗಡಿಯಾರ, ಹೌದು. ಕೆನೆ, ಹೌದು. ಕರೆಂಟು, ಹೌದು." ಆರನೆಯದರ ಮುಂದೆ ಸರಿಯಾದ ಧಾರಾವಾಹಿಯ ಹೆಸರು ಬರೆದು ಟಿಕ್ ಹಾಕಿದರು. ಹನ್ನೊಂದು ಮುಗಿದ ಮೇಲೆ ಕೆಳಗೆ ಹನ್ನೆರಡು, ಹದಿಮೂರು, ಹದಿನಾಲ್ಕು ಎಂದು ಇನ್ನೂ ಮೂರನ್ನು ತಾವೇ ಸೇರಿಸಿದರು. "ಇವನ್ನ ನೀವು ನೋಡ್ಲಿಲ್ಲ" ಎಂದರು ನನ್ನ ಕಡೆ ತಿರುಗಿ. ನನಗೆ ಮಾರ್ಕು ಕಡಿಮೆಯಾದಂತೆ ಅನ್ನಿಸಿತು.

"ಇದನ್ನ ತೆರೆ ಮೇಲೆ ಹಾಕಿ" ಎಂದರು ಆತನಿಗೆ. "ಹದಿನಾಲ್ಕೂ. ಎಲ್ಲೆಲ್ಲಿಂದ ತಗೊಂಡಿದ್ದು ಅಂತ. ಅದ್ರ ಕೆಳಗೆ ನನ್ನ ಹೆಸರು."

"ಮೇಡಂ, ಅದು ಲೀಗಲ್ ಪ್ರಾಬ್ಲಂ ಆಗತ್ತೆ. ಯಾರೂ ಹಾಗೆ ಹಾಕಲ್ಲ."

"ಯಾರೂ ಹಾಕಲ್ಲ, ಆದ್ರೆ ಎಲ್ರೂ ತಗೋತಾರೆ. ಅಲ್ವಾ?"

"ಮೇಡಂ ಪ್ಲೀಸ್, ಒಂದು ಸೈನ್ ಅಷ್ಟೇ. ನಾಲ್ಕು ವಾರ ನಿಮ್ಮ ಕಥೆ ಬರತ್ತೆ. ಜನಕ್ಕೆ ಕೊಲೆಗಾರ ಯಾರು ಅಂತ ಗೊತ್ತಾಗತ್ತೆ. ಈ ವಯಸ್ಸಲ್ಲಿ ನಿಮಗ್ಯಾಕೆ ಗಲಾಟೆ..."

ಆಗ ಮೇಡಂ ತಲೆ, ನಾನು ಕಂಡ ಹಾಗೆ ಮೊದಲ ಸಲ, ನೇರವಾಯಿತು.

"ತಗೊಂಡಿದೀನಿ ಅಂತ ಎಷ್ಟು ಸಲ ಬೇಕಾದ್ರೂ ಬರ್ಕೊಡ್ತೀನಿ. ಕದ್ದಿದೀನಿ ಅಂತ ಒಂದ್ಸಲಾನೂ ಬರೆಯಲ್ಲ. ಪಕ್ಕದ ಮನೆಯಿಂದ ಪಾತ್ರೆ ತರೋದು ಕಳ್ಳತನ ಅಲ್ಲಪ್ಪ. ಖಾಲಿ ವಾಪಸ್ ಕೊಡೋದು ಕಳ್ಳತನ. ನಾನು ಅದ್ರಲ್ಲಿ ಏನು ಹಾಕಿದೀನಿ ಅನ್ನೋದು ಹದಿಮೂರನೇ ಕಂತಲ್ಲಿದೆ. ಅದನ್ನ ನೀವು ಓದಿದೀರಾ?"

ಅವನು ಓದಿರಲಿಲ್ಲ.

"ಹೆಸರು ಹಾಕಿದ್ರೆ ತೆರೆ ಮೇಲೆ ಹಾಕ್ಬೇಕು. ಇಲ್ಲಾಂದ್ರೆ ಇನ್ನೆಲ್ಲೂ ಬೇಡ. ಮೂರು ನಿಮಿಷ ಆಯ್ತು."

ಎಕ್ಸ್‌ಟೆಂಡ್ ಮಾಡಲೇ ಎಂದು ಅವರು ಕೇಳಲಿಲ್ಲ.

ನಾನು ಅವರ ಹೆಸರನ್ನು ಇಲ್ಲಿ ಬರೆಯದಿರುವುದು ಆ ಮಾತಿಗಾಗಿ. ಪಟ್ಟಿ ಬರೆದ ಕೈ ನನ್ನದು. ಅವರು ಬೇಡವೆಂದ ಜಾಗದಲ್ಲಿ ಹೆಸರು ಬರೆಯುವ ಹಕ್ಕು ಈ ಕೈಗಿಲ್ಲ.

ಆ ಭಾನುವಾರ ಹನ್ನೊಂದಕ್ಕೆ ಟೀವಿಯಲ್ಲಿ ಒಬ್ಬರು ಕ್ಯಾರೆಟ್ ಹಲ್ವ ಮಾಡುವುದನ್ನು ತೋರಿಸಿದರು. ನಾನು ಟೀವಿ ಆರಿಸಿ ಗೇಟಿಗೆ ಬಂದೆ. ಎದುರು ಮನೆಯ ಕಾರ್ ಶೆಡ್ಡಿನ ಬಾಗಿಲು ತೆರೆದಿತ್ತು. ಹದಿನೈದು ಕುರ್ಚಿಗಳನ್ನೂ ಬಿಚ್ಚಿ ಸಾಲಾಗಿ ಹಾಕಿದ್ದರು. ಎದುರಿಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನನ್ನ ಡಬ್ಬಿ. ಮೇಡಂ ಕೈಯಲ್ಲಿ ಕಾಗದಗಳ ಕಟ್ಟು.

"ಹತ್ತನೇ ಕಂತು" ಎಂದರು. "ಬನ್ನಿ, ಶುರು ಮಾಡ್ಬೇಕು. ಹನ್ನೊಂದು ಗಂಟೆ ಅಂದ್ರೆ ಹನ್ನೊಂದು ಗಂಟೆ."

ಮೊದಲ ಭಾನುವಾರ ನಾವು ಏಳು ಜನ. ಮೇಡಂ ಎಲ್ಲರ ಪಾತ್ರವನ್ನೂ ಓದಿದರು. ಇಪ್ಪತ್ತೆಂಟು ವರ್ಷ ಊರೂರಿನ ದನಿ ಕೇಳಿದವರು. ಅಡುಗೆಯವನು ಉಡುಪಿಯವನಾದ, ಡಾಕ್ಟರು ಮೈಸೂರಿನವರಾದರು, ನಾದಿನಿ ಮೂಗಿನಿಂದ ಅತ್ತಳು. ಜಾಹೀರಾತಿನ ಹೊತ್ತಿಗೆ ಸರಿಯಾಗಿ ನಿಲ್ಲಿಸಿ ಚೀಟಿ ಹಂಚಿದರು. ಗಿರಿಜಾ ಸುದ್ದಿಯನ್ನು ಬಿ.ಟಿ.ಎಂ.ನಲ್ಲಿದ್ದ ತನ್ನ ಊರಿನವರಿಗೆಲ್ಲ ಮುಟ್ಟಿಸಿದಳು. ಹೂವಿನವಳು ಸಾರಕ್ಕಿ ಮಾರ್ಕೆಟ್ಟಿಗೆ ಮುಟ್ಟಿಸಿದಳು. ಮೂರನೆಯ ವಾರಕ್ಕೆ ಕುರ್ಚಿ ಸಾಲದೆ ನಾನು ನಮ್ಮ ಮನೆಯ ಚಾಪೆ ಹಾಕಿದೆ. ಗೊಟ್ಟಿಗೆರೆಯಿಂದ ಎರಡು ಬಸ್ಸು ಬದಲಿಸಿ ಬಂದ ಒಬ್ಬ ಹಿರಿಯರು ಗೇಟಿನಲ್ಲಿ ನಿಂತು, "ಅಮ್ಮಾ, ಕೊಲೆ ಸೀರಿಯಲ್ಲು ಹೇಳೋ ಮನೆ ಇದೇನಾ? ಒಂಬತ್ತು ವಾರ ನೋಡಿದೀನಿ. ಹಲ್ವ ತೋರಿಸಿ ಮೋಸ ಮಾಡ್ಬಿಟ್ರು" ಅಂದರು. ಮೇಡಂ ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದರು.

ಸರೋಜಮ್ಮ ಎರಡು ವಾರ ಬರಲಿಲ್ಲ. ಅವರು "ಪಕ್ಕಾ ಕಳ್ಳ" ಅಂದದ್ದು ಮೇಡಂ ಎದುರಿಗೇ ತಾನೆ. ಮೂರನೆಯ ವಾರ ಒಂದು ಪಾತ್ರೆ ಹಿಡಿದು ಬಂದರು, ತುಂಬ ಚಕ್ಕುಲಿ. ಮೇಡಂ ಮುಚ್ಚಳ ತೆಗೆದು ನೋಡಿ, "ಈ ಸಲ ಏನೂ ಮರೆತಿಲ್ಲ" ಎಂದರು.

ನಾಲ್ಕನೆಯ ಭಾನುವಾರ ನಾನು ಮನೆಯಿಂದ ಹೊರಡುವಾಗ ನಮ್ಮವರು, "ನಾನು ಬಂದ್ರೆ ಮೇಡಂ ಏನಾದ್ರೂ ಅಂದ್ಕೋತಾರಾ?" ಎಂದು ಕೇಳಿದರು.

"ಅಂದ್ಕೊಳ್ಲಿ. ಬನ್ನಿ" ಎಂದೆ. ಮದುವೆಯಾದ ಮೇಲೆ ನಾನು ಅವರಿಗೆ ಕೊಟ್ಟ ಮೊದಲ ಆಜ್ಞೆ ಅದು. ಬಂದು ಗೇಟಿನ ಹತ್ತಿರ ನಿಂತರು. ಚೀಟಿಯನ್ನೂ ತೆಗೆದುಕೊಂಡರು.

ಅಂದು ಡಬ್ಬಿಗೆ ನಲವತ್ತಕ್ಕಿಂತ ಹೆಚ್ಚು ಚೀಟಿ ಬಿದ್ದವು. ಅಡುಗೆಯವನು, ಡಾಕ್ಟರು, ಅಳಿಯ. ನಾನು ನಾದಿನಿ ಎಂದು ಬರೆದಿದ್ದೆ. ಗಿರಿಜಾಳೂ ಅಷ್ಟೇ, ಬಹಳ ಅತ್ತವಳು ಅವಳು ತಾನೆ. ಬೊಂಬಾಯಿಯ ತಮ್ಮ ಎಂದು ಒಬ್ಬರೂ ಬರೆದಿರಲಿಲ್ಲ. ಅವನು ಆರುನೂರು ಮೈಲಿ ದೂರದಲ್ಲಿದ್ದ. ಇಡೀ ಕಥೆಯಲ್ಲಿ ಅವನದು ಫೋನಿನ ದನಿ ಮಾತ್ರ.

ಮೇಡಂ ಕೊನೆಯ ದೃಶ್ಯ ಓದಿದರು. ಆಪರೇಟರ್ ಹೆಂಗಸು ಪೋಲೀಸಿನವರಿಗೆ ಹೇಳುತ್ತಾಳೆ: ಈ ತಮ್ಮ ಹತ್ತು ವರ್ಷದಿಂದ ಪ್ರತಿ ಶುಕ್ರವಾರ ಅಣ್ಣನಿಗೆ ಪಿ.ಪಿ. ಕಾಲ್ ಬುಕ್ ಮಾಡುತ್ತಿದ್ದ. ಅಂದರೆ ಇಂಥವರೇ ಬೇಕು ಎಂದು ಹೆಸರು ಹೇಳಿ ಮಾಡುವ ಕಾಲ್. ಆಪರೇಟರ್ ಮೊದಲು ಅವರಿದ್ದಾರಾ ಎಂದು ಕೇಳಿ, ಇದ್ದರೆ ಮಾತ್ರ ಲೈನ್ ಕೊಡುತ್ತಾಳೆ. ಇಲ್ಲದಿದ್ದರೆ ಕಾಲ್ ಅಲ್ಲಿಗೇ ಮುಗಿಯುತ್ತದೆ. ಅಣ್ಣ ಸತ್ತ ಆ ಶುಕ್ರವಾರ ಮಾತ್ರ ಅವನು ಹೆಸರು ಹೇಳಲಿಲ್ಲ. ಅದೇ ನಂಬರಿಗೆ ಸಾದಾ ಕಾಲ್ ಬುಕ್ ಮಾಡಿದ. ಯಾರು ಎತ್ತಿದರೂ ಸರಿ, ಎಂದ. ಸಾವಿನ ಸುದ್ದಿ ಇನ್ನೂ ಮನೆಯ ಹೊಸ್ತಿಲು ದಾಟಿರಲಿಲ್ಲ. ಅಣ್ಣ ಫೋನಿಗೆ ಬರುವುದಿಲ್ಲವೆಂದು ಬೊಂಬಾಯಿಯಲ್ಲಿ ಕೂತವನಿಗೆ ಹೇಗೆ ಗೊತ್ತಾಯಿತು? ತಾನು ಪಾರ್ಸೆಲ್ಲಿನಲ್ಲಿ ಕಳಿಸಿದ ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಎಂದು ಆ ಮನೆಯ ದನಿ ಕೇಳಿ ತಿಳಿಯಬೇಕಿತ್ತು ಅವನಿಗೆ.

ಗೊಟ್ಟಿಗೆರೆಯ ಹಿರಿಯರು ತೊಡೆ ತಟ್ಟಿ, "ಅಯ್ಯೋ ಪಾಪಿ! ಫೋನಲ್ಲೇ ಸಿಕ್ಕಾಕ್ಕೊಂಡ್ನಲ್ಲ!" ಎಂದು ಕೂಗಿದರು.

ಮೇಡಂ ಡಬ್ಬಿಗೆ ಕೈಹಾಕಿ ನನ್ನ ಚೀಟಿಯನ್ನೇ ಹುಡುಕಿ ತೆಗೆದರು. ನನ್ನ ದುಂಡಗಿನ ಅಕ್ಷರ ಅವರಿಗೆ ಗೊತ್ತು. "ಯಾರು" ಎಂಬಲ್ಲಿ ನಾದಿನಿ. "ಎಲ್ಲಿಂದ" ಎಂಬಲ್ಲಿ ಏನೂ ಇರಲಿಲ್ಲ. ಅವರು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಎಲ್ಲಿಂದ ಮೇಡಂ?" ಎಂದು ನಾನೇ ಕೇಳಿದೆ.

ಅವರು ಕಾಗದಗಳನ್ನು ಕೆಳಗಿಟ್ಟರು. "ಎಕ್ಸ್‌ಚೇಂಜಲ್ಲಿನ ನನ್ನ ಬೋರ್ಡಿಂದ. ಒಬ್ಬರಿದ್ರು, ಅವೆನ್ಯೂ ರೋಡಲ್ಲಿ ಅಂಗಡಿ ಗುಮಾಸ್ತರು. ದಾವಣಗೆರೇಲಿ ಅವರಕ್ಕ. ಆರು ವರ್ಷ, ಪ್ರತಿ ಶನಿವಾರ, ಅಕ್ಕನ ಹೆಸರು ಹೇಳಿ ಪಿ.ಪಿ. ಮಾಡೋರು. ಒಂದು ಶನಿವಾರ ಸಾದಾ ಕಾಲ್ ಅಂದ್ರು. 'ಪಿ.ಪಿ. ಬೇಡ್ವಾ ಸಾರ್?' ಅಂದೆ. 'ಬೇಡಮ್ಮ, ಯಾರ್ ಎತ್ತಿದ್ರೂ ಸರಿ' ಅಂದ್ರು. ನಂಗೆ ಗೊತ್ತಾಯ್ತು. ಅವರು ಕೊಲೆಗಾರ ಅಲ್ಲ ಬಿಡಿ, ಪಾಪ. ಟೆಲಿಗ್ರಾಂ ಬಂದಿತ್ತು, ಅಷ್ಟೇ. ಆ ಮನೆಯ ದನಿ ಕೇಳ್ಬೇಕಿತ್ತು ಅವರಿಗೆ." ಚೀಟಿಯನ್ನು ಡಬ್ಬಿಗೆ ಹಿಂದಕ್ಕೆ ಹಾಕುತ್ತ ಅಂದರು: "ಅವತ್ತು ಮೂರು ನಿಮಿಷಕ್ಕೆ ನಾನು ಲೈನ್ ಕಟ್ ಮಾಡ್ಲಿಲ್ಲ. ಹದಿನೇಳು ನಿಮಿಷ ಬಿಟ್ಟೆ. ಮೆಮೋ ಕೊಟ್ರು."

ನಮ್ಮವರು ಗೇಟಿನಿಂದ ಒಳಗೆ ಬಂದರು. ಅಷ್ಟು ಜನರ ನಡುವೆ ಕುರ್ಚಿಗಳನ್ನು ಮಡಚುತ್ತ ನಿಂತರು, ಬ್ಯಾಂಕಿನ ಸೀನಿಯರ್ ಮ್ಯಾನೇಜರು. ಮೇಡಂ ಬೇಡವೆನ್ನಲಿಲ್ಲ. ನಮ್ಮವರು ಆ ವಾರವೇ ಪೇಪರಿಗೆ ಇನ್ನೊಂದು ಪತ್ರ ಬರೆದರು. ಅದು ಅಚ್ಚಾಗಲಿಲ್ಲ.

ಆಮೇಲೆ ಹತ್ತು ವರ್ಷ ಮೇಡಂ ಎದುರು ಮನೆಯಲ್ಲೇ ಇದ್ದರು. ಮತ್ತೆ ಚಾನೆಲ್ಲಿನವರಿಗೆ ಏನೂ ಬರೆಯಲಿಲ್ಲ. "ಯಾಕೆ?" ಎಂದರೆ, "ನನ್ನ ಹತ್ರ ಶೆಡ್ ಇದೆಯಲ್ಲ" ಎನ್ನುವರು. ವರ್ಷಕ್ಕೊಂದು ಕೊಲೆ ಬರೆದು, ನಾಲ್ಕು ಭಾನುವಾರ ಓದಿದರು. ಪ್ರತಿ ಸಲವೂ ಮೊದಲು ಎಲ್ಲೆಲ್ಲಿಂದ ತೆಗೆದುಕೊಂಡದ್ದು ಎನ್ನುವ ಪಟ್ಟಿ ಓದಿ, ಆಮೇಲೆ ಕಥೆ. ಕೊನೆಯ ವರ್ಷ ದನಿ ಸಣ್ಣಗಾಗಿತ್ತು. ನಾವು ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡೆವು. ಎಲ್ಲರ ತಲೆಯೂ ಒಂದಿಷ್ಟು ಎಡಕ್ಕೆ ವಾಲಿದ್ದನ್ನು ನಾನು ನೋಡಿದೆ.

ಅವರ ಹದಿಮೂರನೆಯ ದಿನ ಗಿರಿನಗರದ ತಮ್ಮ ನಮ್ಮ ಮನೆಗೆ ಬಂದು, "ಅಕ್ಕ ಇದನ್ನ ನಿಮಗೇ ಕೊಡ್ಬೇಕು ಅಂತ ಹೇಳಿದ್ರು. ತುಂಬಿದೆಯಂತೆ" ಎಂದು ಸ್ಟೀಲ್ ಡಬ್ಬಿ ಕೊಟ್ಟ. ಮುಚ್ಚಳ ಬಿಗಿಯಾಗಿತ್ತು. ಒಳಗೆ ಅಷ್ಟು ವರ್ಷದ ಚೀಟಿಗಳು. ಎಲ್ಲಕ್ಕಿಂತ ಮೇಲೆ ನನ್ನ ಹಳೆಯ ಪಟ್ಟಿ, ಮಾರ್ಜಿನ್ ಎಳೆದದ್ದು, ಹನ್ನೊಂದು ಟಿಕ್ ಮಾರ್ಕು, ಕೆಳಗೆ ಅವರ ಮೂರು. ಅದರ ಕೆಳಗೆ, ನಾನು ಎಂದೂ ನೋಡಿರದ ಇನ್ನೊಂದು ಸಾಲು ಅವರ ಪೆನ್ಸಿಲ್ಲಿನಲ್ಲಿ: "೧೫. ನಮ್ಮ ಮನೆಯಿಂದ ತಗೊಂಡವರು." ಮುಂದೆ ಜಾಗ ಖಾಲಿ.

ಮೊನ್ನೆ ಭಾನುವಾರ ಹೊಸ ಧಾರಾವಾಹಿಯ ಐದನೆಯ ಕಂತು. ಅದರಲ್ಲಿ ಒಬ್ಬ ಗಂಡ. ದಿನಾ ಮಧ್ಯಾಹ್ನ ಹೆಂಡತಿಯ ಮೊಬೈಲಿಗೆ ಫೋನ್ ಮಾಡುವವನು. ಅವಳು ಕಾಣೆಯಾದ ದಿನ ಮಾತ್ರ ಮನೆಯ ಲ್ಯಾಂಡ್‌ಲೈನಿಗೆ ಮಾಡುತ್ತಾನೆ, ಯಾರು ಎತ್ತುತ್ತಾರೆಂದು ಕಾಯುತ್ತಾನೆ. ನನ್ನ ಕೈಯಲ್ಲಿದ್ದ ಹುರಳಿಕಾಯಿ ತಟ್ಟೆಗೆ ಬಿತ್ತು. "ಇವನೇ" ಎಂದೆ.

"ಯಾರಮ್ಮ? ಹೇಗೆ ಗೊತ್ತಾಯ್ತು?" ಎಂದಳು ಮಗಳು.

ನಮ್ಮವರು ಕುರ್ಚಿಯಿಂದ ಎದ್ದೇಬಿಟ್ಟಿದ್ದರು. ಅವರಿಗೂ ಗೊತ್ತಾಗಿತ್ತು. "ಇದು ಮೇಡಂದು! ಎಷ್ಟು ಧೈರ್ಯ ನೋಡು! ಎಲ್ಲಿ ನನ್ನ ಪೆನ್ನು? ಇವತ್ತೇ ಬರೀತೀನಿ ಪೇಪರಿಗೆ."

"ಬೇಡ" ಎಂದೆ.

"ಬೇಡ್ವಾ? ಇಷ್ಟು ದೊಡ್ಡ ಕಳ್ಳ..."

"ಆ ಮಾತು ಈ ಮನೇಲಿ ಬೇಡ. ಕೂತ್ಕೊಳ್ಳಿ."

ಅವರು ಕೂತರು. ನಾನು ಡಬ್ಬಿ ತಂದು, ಮುಚ್ಚಳ ತೆಗೆದು, ಪಟ್ಟಿಯನ್ನು ಮೊಣಕಾಲ ಮೇಲೆ ಹರಡಿಕೊಂಡೆ. ಹದಿನೈದನೆಯ ಸಾಲಿನ ಖಾಲಿ ಜಾಗದಲ್ಲಿ ಹೊಸ ಧಾರಾವಾಹಿಯ ಹೆಸರನ್ನು ದುಂಡಗೆ ಬರೆದೆ. ಟಿಕ್ ಮಾತ್ರ ಹಾಕಲಿಲ್ಲ. ಇನ್ನೂ ಎಂಟು ಕಂತು ಇವೆ. ಪಾತ್ರೆಯಲ್ಲಿ ಏನು ಹಾಕಿ ವಾಪಸ್ ಕೊಡುತ್ತಾರೋ ನೋಡಿ ಹಾಕುತ್ತೇನೆ.